ಟಿಟಿ ಸೂಜಿ ಎಂದೆ

ದೊಡ್ಡತ್ತೆಯ ಬಾಯಿ ಮುಚ್ಚಿಸಲು ನಾನು ಆರು ತಿಂಗಳು ಕಾದವಳು. ಆಕೆ ನನ್ನತ್ತೆಯ ಅಕ್ಕ, ಕುರುಗೋಡಿನವಳು. ಎದುರಿಗೆ “ಬರ್ರಿ, ಕುಂದರ್ರಿ” ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಏಕವಚನ. ನನ್ನ ಮೊದಲ ಬಸುರು ಮೂರನೇ ತಿಂಗಳಿಗೇ ಹೋದಾಗ, ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬಂದವರೆಲ್ಲರ ಮುಂದೆ ಅಂದಿದ್ದಳು: “ಹಗಲೆಲ್ಲಾ ಮಿಷನ್ ತುಳಿಯಾಕಿಗೆ ಕೂಸು ಹೆಂಗ ನಿಲ್ತೈತಿ? ತಿಂದು ಹಾಕ್ಯಾಳ.” ನಾನು ಬ್ಲೌಸ್ ಹೊಲಿಯುವವಳು. ಒಳಕೋಣೆಯಲ್ಲಿ ಮಲಗಿ ಅದನ್ನು ಕೇಳಿಸಿಕೊಂಡೆ. ಆ ಮಾತನ್ನು ಇವತ್ತಿಗೂ ಕ್ಷಮಿಸಿಲ್ಲ.

ಎರಡನೇ ಸಲ ಬಸುರಾದಾಗ ಕೊರೊನಾ ಕಾಲ. ಐದು ತಿಂಗಳು ತುಂಬುವ ಹೊತ್ತಿಗೆ ಗರ್ಭಿಣಿಯರೂ ಲಸಿಕೆ ಹಾಕಿಸಿಕೊಳ್ಳಬಹುದು ಎಂದಾಯಿತು. ದೊಡ್ಡತ್ತೆ ಫೋನಿನಲ್ಲೇ ತಂಗಿಗೆ ಅಪ್ಪಣೆ ಕೊಟ್ಟಳು: “ಆ ಸೂಜಿ ಮಾಡಿಸಿದ್ರ ಕೂಸು ಹೊಟ್ಟ್ಯಾಗ ಸಾಯ್ತೈತಿ. ಈ ಸಲಾನೂ ಕಳಕೊಂಡ್ಲಂದ್ರ ಆಕಿನ್ನ ತವರಿಗೆ ಕಳಿಸಿಬಿಡು.” ನನ್ನತ್ತೆಗೆ ಅಕ್ಕನ ಮಾತೆಂದರೆ ಎರಡಿಲ್ಲ.

ತಪಾಸಣೆಗೆ ಹೋದಾಗ ಡಾಕ್ಟರಮ್ಮನನ್ನು ನೇರವಾಗಿ ಕೇಳಿದೆ. “ತೋಳು ನೋಯ್ತೈತಿ, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಲಸಿಕೆಯಿಂದ ಕೂಸಿಗೆ ಅಪಾಯ ಆಗಿದ್ದು ಕಂಡಿಲ್ಲ. ಬಸುರ್ಯಾಗ ಕೊರೊನಾ ಬಂದ್ರ ಮಾತ್ರ ಇಬ್ಬರಿಗೂ ಕಷ್ಟ” ಎಂದರು. ಅವತ್ತೇ ಹಾಕಿಸಿಕೊಂಡೆ. ಹೆದರಿಕೆ ಇರಲಿಲ್ಲವೆಂದರೆ ಸುಳ್ಳು. ಆಟೋದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಬಂದೆ. ಕೌಲ್ ಬಜಾರಿನ ಸಂದಣಿಯಲ್ಲಿ ಆಟೋ ಸಿಕ್ಕಿಕೊಂಡು ನಿಂತಾಗ ಕೂಸು ಒದೆಯಿತು. ಆಮೇಲೆ ಉಸಿರು ಬಂತು.

ಮರುದಿನ ತೋಳು ಊದಿತ್ತು. “ಏನವ್ವಾ ಇದು?” ಎಂದು ಅತ್ತೆ ಕೇಳಿದರು. “ಟಿಟಿ ಸೂಜಿ” ಎಂದೆ. ಧನುರ್ವಾಯು ಬಾರದಿರಲೆಂದು ಬಸುರಿಯರಿಗೆ ಟಿಟಿ ಹಾಕುವುದು ಅವರ ಕಾಲದಿಂದಲೂ ಇದ್ದದ್ದು, ಅದಕ್ಕೆ ಯಾರ ತಕರಾರೂ ಇಲ್ಲ. ಪಾಪ, ಬಿಸಿನೀರಿನ ಕಾವು ಕೂಡ ಕೊಟ್ಟರು. ತಿಂಗಳ ಮೇಲೆ ಎರಡನೆಯದಕ್ಕೂ ಅದೇ ಹೆಸರು ಹೇಳಿದೆ. ಟಿಟಿಯೂ ಎರಡು ಸಲ, ಇದೂ ಎರಡು ಸಲ. ಅಳತೆ ತೆಗೆದು ಹೊಲಿದಂತೆ ಸುಳ್ಳು ಸರಿಯಾಗಿ ಕೂತಿತು.

ಏಳನೇ ತಿಂಗಳಿಗೆ ಸೀಮಂತದ ಕುಬುಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ನಾನೇ ಹೊಲಿದುಕೊಂಡ ಹಸಿರು ಬ್ಲೌಸ್. ದೊಡ್ಡತ್ತೆ ಹೆಂಗಸರ ನಡುವೆ ನನ್ನ ಗಲ್ಲ ಹಿಡಿದಳು. “ನೋಡ್ರಿ, ನನ್ನ ಮಾತು ಕೇಳಿದ್ಲು. ಕೊರೊನಾ ಸೂಜಿ ಹತ್ರ ಸುಳೀಲಿಲ್ಲ, ಬರೇ ಟಿಟಿ. ಹೆಂಗ ಮೈ ತುಂಬ್ಕೊಂಡಾಳ!” ನಾನು ತಲೆ ತಗ್ಗಿಸಿ ನಕ್ಕೆ. ಹಿಗ್ಗಲಿ, ಇನ್ನಷ್ಟು ಹಿಗ್ಗಲಿ ಎಂದುಕೊಂಡೆ. ಕೂಸು ಕೈಗೆ ಬಂದ ಮೇಲೆ, ತೊಟ್ಟಿಲಿಗೆ ಹಾಕುವ ದಿನ, ಇದೇ ಹೆಂಗಸರೆದುರು ಲಸಿಕೆಯ ಸರ್ಟಿಫಿಕೇಟ್ ತೋರಿಸಿ ಇವಳ ಮುಖಕ್ಕೆ ಮಂಗಳಾರತಿ ಎತ್ತಬೇಕು.

ಅವತ್ತು ದೊಡ್ಡತ್ತೆಯ ಕಿರಿಸೊಸೆಯೂ ಬಂದಿದ್ದಳು. ಸಿರಿಗೇರಿಯ ಹುಡುಗಿ, ಆಗ ಮೂರು ತಿಂಗಳ ಬಸುರಿ. ಬ್ಲೌಸಿನ ಅಳತೆ ಕೊಡುವ ನೆಪದಲ್ಲಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು.

“ಅಕ್ಕಾ, ಖರೇ ಹೇಳ್ರಿ. ನೀವು ಆ ಸೂಜಿ ಮಾಡಿಸೀರೇನು? ನೀವು ಮಾಡಿಸಿದ್ರ ನಾನೂ ಮಾಡಸ್ತೀನಿ.”

ಟೇಪು ಅವಳ ತೋಳಿನ ಸುತ್ತ ಇತ್ತು. ಹೇಳಿದರೆ ಸಂಜೆಯೊಳಗೆ ದೊಡ್ಡತ್ತೆಯ ಕಿವಿಗೆ ಬೀಳುತ್ತದೆ, ಕೂಡಿಟ್ಟ ಸೇಡೆಲ್ಲ ನೀರುಪಾಲಾಗುತ್ತದೆ. “ಇಲ್ಲವ್ವಾ, ಟಿಟಿ” ಎಂದೆ. ತೋಳಿನ ಅಳತೆ ಬರೆದುಕೊಂಡೆ.

ಸಿರುಗುಪ್ಪದ ತವರಿನಲ್ಲಿ ಮಗಳು ಹುಟ್ಟಿದಳು, ದುಂಡು ದುಂಡಾಗಿ. ಎರಡು ತಿಂಗಳಾಗಿತ್ತು, ತೊಟ್ಟಿಲ ದಿನ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಸುದ್ದಿ ಬಂತು. ಕಿರಿಸೊಸೆಗೆ ಏಳನೇ ತಿಂಗಳಲ್ಲಿ ಕೊರೊನಾ. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ್ದಾರೆ. ನನಗೆ ಮೊದಲು ಬಂದದ್ದು ಮರುಕವಲ್ಲ. ಈಗ ಸಿಕ್ಕಳು ಮುದುಕಿ ಎಂದುಕೊಂಡೆ. ಮಗಳನ್ನು ಅವ್ವನ ಕೈಗೆ ಕೊಟ್ಟು ಬಸ್ಸು ಹತ್ತಿದೆ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ದೊಡ್ಡತ್ತೆಯ ಮುಖಕ್ಕೆ ಫೋನಿನಲ್ಲಿದ್ದ ಸರ್ಟಿಫಿಕೇಟ್ ಹಿಡಿದೆ. “ಓದಾಕ ಬರದಿದ್ರ ಕೇಳ್ರಿ. ನಾನು ಮಾಡಿಸಿದ್ದು ಟಿಟಿ ಅಲ್ಲ, ಕೊರೊನಾ ಸೂಜಿ. ಎರಡೂ ಮಾಡಿಸೀನಿ. ನನ್ನ ಮಗಳು ಗಟ್ಟಿ ಅದಾಳ. ಈಗ ಹೇಳ್ರಿ, ಕೂಸು ತಿಂದು ಹಾಕೋರು ಯಾರು?”

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಹಬ್ಬದೂಟ ಉಂಡಷ್ಟು ಸಂತೋಷವಾಯಿತು.

ಹುಡುಗಿ ಬದುಕಿದಳು. ದಿನ ತುಂಬದೆ ಹುಟ್ಟಿದ ಕೂಸು ಎರಡು ದಿನ ಇದ್ದು ಹೋಯಿತು. ಲಸಿಕೆ ಹಾಕಿಸಿಕೊಂಡಿದ್ದರೆ ಉಳಿಯುತ್ತಿತ್ತೇ ಎಂದು ನನ್ನ ಡಾಕ್ಟರಮ್ಮನನ್ನು ಕೇಳಿದೆ. ಖಂಡಿತವಾಗಿ ಹೇಳಲು ಬರುವುದಿಲ್ಲ, ಆದರೆ ಕಾಯಿಲೆ ಇಷ್ಟು ಜೋರಾಗದೆ ಇರಬಹುದಿತ್ತು ಎಂದರು.

ತಿಂಗಳಾದ ಮೇಲೆ ಕುರುಗೋಡಿಗೆ ಹೋದೆ. ದೊಡ್ಡತ್ತೆ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಬರಬಾರದು ಎಂದೇ ನನಗೂ ಇತ್ತು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ನಾನು ಹೊಲಿದು ಕಳಿಸಿದ ಬ್ಲೌಸನ್ನೇ ತೊಟ್ಟಿದ್ದಳು. ಅದರ ತೋಳು ಈಗ ಸಡಿಲಾಗಿ ಜೋತುಬಿದ್ದಿತ್ತು. ಒಳಗಿರುವವಳಿಗೆ ಕೇಳಿಸಲಿ ಎಂದು ದನಿಯೆತ್ತಿ ದೊಡ್ಡತ್ತೆಯನ್ನು ಬೈಯತೊಡಗಿದೆ. ನಾನು ಮುಗಿಸಿದ ಮೇಲೆ ಹುಡುಗಿ ಮೆಲ್ಲಗೆ ಅಂದಳು:

“ಅತ್ತಿ ಮಾತು ಬಿಡ್ರಿ ಅಕ್ಕಾ. ಆಕಿಗೆ ಗೊತ್ತಿರಲಿಲ್ಲ. ನಾನು ಬಾಗಿಲು ಹಾಕ್ಕೊಂಡು ಕೇಳಿದ್ದು ನಿಮ್ಮನ್ನ.”