ಕುಂದಲಹಳ್ಳಿಯ ಅಗತಮ್ಮನವರೆಗೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೀಣ್ಯದ ನನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಹೊರಟೆ. ಮೆಟ್ರೋದಲ್ಲಿ ಬೇಗ ತಲುಪಬಹುದಿತ್ತು. ಆದರೆ ಅಲ್ಲಿ ತಪಾಸಣೆಯ ಹೆಂಗಸು ಮೈ ಮುಟ್ಟಿ ನೋಡುತ್ತಾಳೆ. ಎಂಟು ತಿಂಗಳ ಹಿಂದೆ ನನ್ನ ಎಡ ಸ್ತನ ತೆಗೆದರು. ಆ ಜಾಗದಲ್ಲಿ ಬಟ್ಟೆ ಮಡಚಿ ಇಟ್ಟುಕೊಂಡಿರುತ್ತೇನೆ. ಹಾಗಾಗಿ ಬಸ್ಸು ಹಿಡಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಹೆಬ್ಬಾಳದಲ್ಲಿ, ಮಾರತ್ತಹಳ್ಳಿಯಲ್ಲಿ ಬದಲಿಸಿ ಕುಂದಲಹಳ್ಳಿಯಲ್ಲಿ ಇಳಿದಾಗ ಹತ್ತೂವರೆ ದಾಟಿತ್ತು. ಬಿಸಿಲು ಚುರುಗುಡುತ್ತಿತ್ತು.

ನಾವು ಇಬ್ಬರು ಬರಬೇಕಿತ್ತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಸ್ಟೆಲ್ಲಾ, "ನಮ್ ಥರಾನೇ ಕುಯ್ಸಿಕೊಂಡ ಸಂತಳೊಬ್ಬಳು ಇದಾಳೆ ಕಣ್ರೀ, ಅಗತಮ್ಮ ಅಂತ, ಕುಂದಲಹಳ್ಳಿ ಗುಡೀಲಿ. ವಾಸಿಯಾದ್ಮೇಲೆ ಇಬ್ರೂ ಹೋಗ್ಬರೋಣ" ಅಂದಿದ್ದಳು. ದೀಪಾವಳಿಗೆ ಮೊದಲೇ ತೀರಿಕೊಂಡಳು.

ಗಾಜಿನ ಆಫೀಸು ಕಟ್ಟಡಗಳ ಸಂದಿಯಲ್ಲಿ, ನೆತ್ತಿಯ ಮೇಲೆ ಶಿಲುಬೆಯಿದ್ದ ಹೆಂಚಿನ ಸಣ್ಣ ಗುಡಿ. ಪೂಜೆ ಮುಗಿದಿತ್ತು. ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಬೆಂಚು ಒರೆಸುತ್ತಿದ್ದರು. ಹೆಸರು ಅಂತೋಣಮ್ಮ. ಗೋಡೆಯ ಪಟದಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿ. ತಟ್ಟೆಯಲ್ಲಿ ಎರಡು ದುಂಡನೆಯ ವಸ್ತುಗಳು.

"ಎಲ್ರೂ ಬನ್ನು ಅಂದ್ಕೋತಾರೆ," ಅಂದರು ಅಂತೋಣಮ್ಮ. "ಅವಳ ಮೊಲೆ ಕಣವ್ವ. ಸಿಸಿಲಿ ಅಂತ ದ್ವೀಪ. ದೊಡ್ಡ ಮನೆತನದ ಉಡುಗಿ. ದೇವ್ರಿಗೇ ಮೀಸಲು ಅಂತ ಮಾತು ಕೊಟ್ಟಿದ್ಳು. ರಾಜ್ಯಪಾಲ ನನ್ನ ಮದ್ವೆ ಆಗು, ನಿನ್ ದೇವ್ರನ್ನ ಬಿಡು ಅಂದ. ಒಪ್ಪಲಿಲ್ಲ. ಕುಯ್ಸಿ ಜೈಲಿಗೆ ಆಕ್ದ. ಅಲ್ಲಿ ಯೇಸುಸ್ವಾಮಿ ಶಿಷ್ಯ ಸಂತ ಪೇತ್ರಪ್ಪೋರು ಬಂದು ವಾಸಿ ಮಾಡಿದ್ರಂತೆ."

"ಆಮ್ಯಾಲೆ?"

"ಕೆಂಡದ ಮೇಲೆ ಉಳ್ಳಾಡಿಸ್ದ."

"ವಾಸಿ ಆದ ಮ್ಯಾಲೂ?"

"ಆದ್ಮೇಲೂನು. ಜೈಲಲ್ಲೇ ಪ್ರಾಣ ಬಿಟ್ಳು. ಕಡೇತಂಕ ಊಂ ಅನ್ನಲಿಲ್ಲ."

ಸ್ಟೆಲ್ಲಾ ಈ ಕೊನೆಯ ಭಾಗ ನನಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತೆಂದು ಆಗ ಅನ್ನಿಸಿತು. ಅವಳ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ ನಿಂತಿತು. ನಾನು ದುಡಿಯುವ ಫ್ಯಾಕ್ಟರಿಯಲ್ಲಿ ಯಾರಿಗೂ, ಗದಗಿನ ಅಣ್ಣನಿಗೂ ಹೇಳದಿದ್ದ ಮಾತು ಅಲ್ಲಿ ಬಾಯಿಗೆ ಬಂತು.

"ನನಗೂ ಒಂದ ತಗದಾರ್ರಿ."

ಅಂತೋಣಮ್ಮ ಒರೆಸುವ ಬಟ್ಟೆ ಕೆಳಗಿಟ್ಟರು. "ನೋವೈತಾ?"

ವಾಸಿಯಾಯಿತಾ ಎಂದು ಡಾಕ್ಟರು ಕೇಳಿದ್ದರು. ನೋವಿದೆಯಾ ಎಂದು ಯಾರೂ ಕೇಳಿರಲಿಲ್ಲ. "ಥಂಡಿ ಇದ್ದಾಗ," ಎಂದೆ. ಆಮೇಲೆ ಅಳು ತಡೆಯಲಾಗಲಿಲ್ಲ. ಅವರು ಬಂದು ಪಕ್ಕದಲ್ಲಿ ಕೂತರು.

ಬಸ್‌ಸ್ಟಾಪಿನವರೆಗೂ ಬಂದರು. ರಸ್ತೆ ದಾಟುವ ಮುಂಚೆ, "ಯಾವ ಕಡೆ ತೆಗ್ದಿರೋದು?" ಎಂದು ಕೇಳಿದರು. ಎಡಗಡೆ ಎಂದೆ. ಬಲಕ್ಕೆ ಬಂದು ತೋಳು ಹಿಡಿದುಕೊಂಡರು.

ಬಸ್ಸು ಹೊರಟಾಗ ಹಿಂದಿನ ಕಿಟಕಿಯಿಂದ ನೋಡಿದೆ. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಅಂತೋಣಮ್ಮನಿಗೆ ಗುಡಿಯಲ್ಲಿ ಉಳಿದ ಬೆಂಚು ಒರೆಸುವುದಿತ್ತು.