ಮಿಲ್ಲಿನ ಗಂಗಾಮಣಿ ಸುಮ್ಮನಿದ್ದ ಡಿಸೆಂಬರ್

ಹಾನುಬಾಳಿನ ಬಸ್ ನಿಲ್ದಾಣದ ಹಿಂದೆ ಹಿಟ್ಟಿನ ಮಿಲ್ ನಡೆಸುವ ಗಂಗಾಮಣಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮಿಷನ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೇ ಹಾಗಾಗಿಬಿಟ್ಟಿದೆ. ಎದುರಿಗೇ ನನ್ನ ಔಷಧಿ ಅಂಗಡಿ. ಗೋಡೆಯಲ್ಲಿ ಕ್ಯಾಲೆಂಡರ್ ಇದ್ದರೂ ನಾನು ನೋಡುವುದು ಕಡಿಮೆ. ಯಾರ ಮನೆಯಲ್ಲಿ ಯಾವ ಹಬ್ಬ ಎಂಬುದು ಅವಳ ಬಾಯಿಂದಲೇ ಕೇಳಿಸುತ್ತದೆ. ತಂಬಿಟ್ಟಿಗೆಂದು ಪರಮಶಿವಯ್ಯನವರ ಮನೆಯಿಂದ ಅಕ್ಕಿ ಬಂದರೆ, "ಏನ್ ಅಯ್ನೋರೆ, ಶಿವರಾತ್ರಿ ಜೋರಾ?" ಎಂದು ಕೂಗುತ್ತಾಳೆ. ರಂಜಾನಿನಲ್ಲಿ ಮಸೀದಿ ಬೀದಿಯ ಹೆಂಗಸರು ರೊಟ್ಟಿ ಹಿಟ್ಟಿಗೆ ಬಂದರೆ ತನ್ನ ಕಾಫಿ ಲೋಟವನ್ನು ಮೂಟೆಗಳ ಹಿಂದೆ ಮುಚ್ಚಿಟ್ಟು, ಅವರು ಹೋದ ಮೇಲೆ ಆರಿದ್ದನ್ನೇ ಕುಡಿಯುತ್ತಾಳೆ. ಬಾಯಿ ಬಜಾರು, ಮನಸ್ಸು ಮಾತ್ರ ಅಪ್ಪಟ ಚಿನ್ನ.

ಅವಳ ಜೀವದ ಗೆಳತಿ ಎಂದರೆ ಚರ್ಚ್ ರಸ್ತೆಯ ಸಿಸಿಲಿಯಕ್ಕ. ಗಂಡ ಜೆರೋಮಣ್ಣ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಪ್ರತಿ ಡಿಸೆಂಬರಿನಲ್ಲಿ ಸಿಸಿಲಿಯಕ್ಕ ಚಕ್ಕುಲಿಗೆ ಅಕ್ಕಿ ತಂದ ಕೂಡಲೇ ಗಂಗಾಮಣಿ "ಹ್ಯಾಪಿ ಕ್ರಿಸ್ಮಸ್ ಕಣಕ್ಕಾ!" ಎಂದು ಕಿರುಚುತ್ತಿದ್ದಳು. ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತಿದ್ದವರೂ ಎದ್ದು ಕೂರಬೇಕು. ಹಬ್ಬದ ದಿನ ಚಕ್ಕುಲಿ, ಕರ್ಜಿಕಾಯಿ, ಕೇಕು ತುಂಬಿದ ಕುಸ್ವಾರಿನ ತಟ್ಟೆ ಮೊದಲು ಬರುತ್ತಿದ್ದುದು ಮಿಲ್ಲಿಗೇ.

ಹೋದ ವರ್ಷ ಆಷಾಢದ ಮಳೆಯಲ್ಲಿ ಜೆರೋಮಣ್ಣ ಎದೆನೋವು ಬಂದು ತೀರಿಕೊಂಡರು. ಗಂಗಾಮಣಿ ಮಿಲ್ಲಿಗೆ ಬೀಗ ಹಾಕಿ ಸಿಸಿಲಿಯಕ್ಕನ ಮನೆಯಲ್ಲೇ ಉಳಿದಳು, ಗಂಜಿ ಕಾಯಿಸಿ ಗೆಳತಿಗೆ ಕುಡಿಸಿದಳು. ಅದೇ ವರ್ಷ ಡಿಸೆಂಬರ್ ಬಂದಾಗ ರಸ್ತೆ ದಾಟಿ ನನ್ನ ಅಂಗಡಿಗೆ ಬಂದು ಕಟ್ಟಪ್ಪಣೆ ಹೊರಡಿಸಿದಳು.

"ನೋಡಿ ಮೇಡಂ, ಸಿಸಿಲಿಯಕ್ಕಂಗೆ ಇನ್ನೂ ವರ್ಷ ತುಂಬಿಲ್ಲ. ಹಬ್ಬದ ಸುದ್ದಿ ಎತ್ಬೇಡಿ. ಹ್ಯಾಪಿ ಗೀಪಿ ಅಂತ ಯಾರಾದ್ರೂ ಹೊಟ್ಟೆ ಉರಿಸಿದ್ರೆ ನಾನು ಸುಮ್ನಿರಲ್ಲ."

ಬೇಕರಿ, ರೇಷನ್ ಅಂಗಡಿ, ಆಟೋ ಸ್ಟ್ಯಾಂಡ್ ಎಲ್ಲ ಕಡೆಯೂ ಇದೇ ಮಾತು. ಸಾವಾದ ಮನೆಗೆ ವರ್ಷದೊಳಗೆ ಹಬ್ಬವಿಲ್ಲ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ, ಯಾರೂ ಎದುರಾಡಲಿಲ್ಲ. ಸಿಸಿಲಿಯಕ್ಕ ಬಿಪಿ ಮಾತ್ರೆಗೆ ಬಂದರೆ ನಾನು ಮಾತ್ರೆ ಕೊಟ್ಟು ಚಳಿಯ ವಿಷಯ ಮಾತಾಡಿ ಕಳಿಸಿದೆ. ಅವರು ಏನೋ ಕಾಯುವವರ ಹಾಗೆ ಒಂದು ಗಳಿಗೆ ನಿಂತು ಹೋದರು.

ಕ್ರಿಸ್ಮಸ್ಸಿಗೆ ಇನ್ನೇನು ಒಂದು ವಾರವಿದೆ ಎನ್ನುವಾಗ ಗಂಗಾಮಣಿಯ ಗಂಡ, ಜೀಪು ಓಡಿಸುವ ಸುರೇಂದ್ರ, ಮಿಲ್ಲಿನ ಮುಂದೆ ಬಾಯಿಬಿಟ್ಟ.

"ಸಿಸಿಲಿಯಕ್ಕ ಅಕ್ಕಿ ಡಬ್ಬಿ ತಗೊಂಡು ಸಕಲೇಶಪುರಕ್ಕೆ ಬಂದಿದ್ರು ಕಣೆ. ಅಲ್ಲೇ ಹಿಟ್ಟು ಮಾಡಿಸ್ಕೊಂಡು ಬಂದ್ರು."

ಮಿಷನ್ ನಿಂತಿತು.

"ಯಾರ ಜೀಪಲ್ಲಿ?"

"ನಮ್ದರಲ್ಲೇ."

"ಡಬ್ಬಿ ಎತ್ತಿಟ್ಟಿದ್ದು ಯಾರು?"

"ನಾನೇ."

ಪಾಪ, ಸುರೇಂದ್ರನಿಗೆ ಅವತ್ತು ಕಾಫಿ ಸಿಗಲಿಲ್ಲ. ಮಿಲ್ಲಿನವಳ ಗಂಡನ ಜೀಪಿನಲ್ಲೇ ಗೆಳತಿಯ ಅಕ್ಕಿ ಬೇರೆ ಮಿಲ್ಲಿಗೆ ಹೋಗುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಸಂಜೆಯವರೆಗೂ ಗಂಗಾಮಣಿ ಊರಿಗೆಲ್ಲ ಕೇಳುವಂತೆ ಕೂಗಾಡಿದಳು. ಮಾರನೆಯ ದಿನ ಕೋಪ ಇಳಿದು ಹೆದರಿಕೆ ಹತ್ತಿತು. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ನಂದೇನು ತಪ್ಪಾಗೈತೆ ಹೇಳಿ ಮೇಡಂ? ಅಕ್ಕ ನನ್ನ ಬಿಟ್ಬುಟ್ರೆ ಈ ಊರಲ್ಲಿ ನಂಗೆ ಯಾರವ್ರೆ?"

"ನನ್ನ ಕೇಳಿದ್ರೆ? ಅವರನ್ನೇ ಹೋಗಿ ಕೇಳು," ಎಂದೆ. ಒಬ್ಬಳೇ ಹೋಗಲು ಅವಳಿಗೆ ಧೈರ್ಯವಿಲ್ಲ. ನಾನೂ ಅಂಗಡಿ ಬಾಗಿಲು ಎಳೆದು ಹೊರಟೆ.

ಸಿಸಿಲಿಯಕ್ಕನ ಮನೆಯ ಮುಂದೆ ಕಾಗದದ ನಕ್ಷತ್ರ ತೂಗುತ್ತಿತ್ತು. ಗಂಗಾಮಣಿ ಗೇಟಿನಲ್ಲೇ ನಿಂತುಬಿಟ್ಟಳು. "ಅಯ್ಯೋ, ನಕ್ಷತ್ರ ಕಟ್ಟವ್ರಲ್ಲ!" ಒಳಗೆ ಜೆರೋಮಣ್ಣನ ಫೋಟೋದ ಮುಂದೆ ಮೋಂಬತ್ತಿ, ಅದರ ಪಕ್ಕದಲ್ಲೇ ಬಾಲಯೇಸುವಿಗೆಂದು ಹುಲ್ಲು ಹಾಸಿ ಕಟ್ಟಿದ ಪುಟ್ಟ ಗೋದಲಿ.

"ಏನು ಬಂದ್ರಿ ಗಂಗಾಮಣಿ?" ಎಂದರು ಸಿಸಿಲಿಯಕ್ಕ. ಗಂಗಾಮಣಿಯನ್ನು ಅವರು ಬಹುವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅವತ್ತೇ ಮೊದಲು.

"ಅಕ್ಕ, ನನ್ನ ಮಿಲ್ಲಿಗೆ ಏನಾಗಿತ್ತು?"

"ಮಿಲ್ಲಿಗೆ ಏನಾಗ್ತದೆ? ನಿಮಗೆ ನಮ್ಮ ಹಬ್ಬ ಬೇಡ ಆಯ್ತಲ್ಲ. ಇಡೀ ಪೇಟೆಯಲ್ಲಿ ಒಬ್ಬರೂ ಒಂದು ಮಾತು ಕೇಳಲಿಲ್ಲ. ಬೇರೆಯವರ ಹಬ್ಬಕ್ಕೆ ಶುಭಾಶಯ ಹೇಳಬಾರದು ಅಂತ ಫೋನಲ್ಲಿ ಬರ್ತದಲ್ಲ, ಅದು ನಮ್ಮೂರಿಗೂ ಬಂತು ಅಂದ್ಕೊಂಡೆ. ಅವರೂ ಹೋದರು, ಊರೂ ಹೋಯ್ತು ಅಂತ ಕೂತಿದ್ದೆ. ಆದರೆ ನೀನು, ಗಂಗಾಮಣಿ? ನೀನೂನಾ?"

ಗಂಗಾಮಣಿಯ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಜೆರೋಮಣ್ಣಂಗೆ ವರ್ಷ ತುಂಬಿಲ್ವಲ್ಲಕ್ಕ. ಹ್ಯಾಪಿ ಅಂತ ಯಾವ ಬಾಯಲ್ಲಿ ಅನ್ಲಿ? ಅನ್ಬೇಡಿ ಅಂತ ಊರಿಗೆಲ್ಲ ಹೇಳಿದ್ದೂ ನಾನೇ."

ಸಿಸಿಲಿಯಕ್ಕ ಮಂಚದ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತು ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ಗೊತ್ತಾಗಲಿಲ್ಲ.

"ಅಯ್ಯೋ ಮಾರಾಯ್ತಿ! ನಮ್ಮಲ್ಲಿ ಸಾವಾದ ಮನೆಗೂ ಕ್ರಿಸ್ಮಸ್ ಬರ್ತದೆ. ಗೌಜಿ ಮಾಡೋದಿಲ್ಲ, ಅಷ್ಟೇ. ಈ ವರ್ಷ ಯಾರಾದರೂ ಬಂದು ಹೇಳಲಿ ಅಂತ ನಾನೆಷ್ಟು ಕಾದೆ ಗೊತ್ತುಂಟಾ?"

"ನಂಗೇನು ಗೊತ್ತು? ನಮ್ಮತ್ತೆ ತೀರ್ಕೊಂಡ ವರ್ಷ ನೀವು ದೀಪಾವಳಿಗೆ ಬಂದು, ಹ್ಯಾಪಿ ದೀಪಾವಳಿ ಅಂದು ಸ್ವೀಟ್ ಬಾಕ್ಸ್ ಕೊಟ್ಟು ಹೋದ್ರಿ. ಮನೇಲಿ ಹಬ್ಬಾನೇ ಇರ್ಲಿಲ್ಲ. ನಾನೇನಾದ್ರೂ ಅಂದ್ನಾ?"

ಸಿಸಿಲಿಯಕ್ಕ ಬಾಯಿಗೆ ಕೈ ಹಿಡಿದರು. "ದೇವರೇ! ಯಾಕೆ ಹೇಳಲಿಲ್ಲ?"

"ಪ್ರೀತಿಯಿಂದ ಬಂದೋರಿಗೆ ಏನಂತ ಹೇಳೋದು?"

ಮೂವರಿಗೂ ನಗು ತಡೆಯಲಾಗಲಿಲ್ಲ. "ಇನ್ಮೇಲೆ ನಿಮ್ಮಲ್ಲಿ ಹೆಂಗೆ ಅಂತ ಮೊದ್ಲು ಕೇಳ್ಬಿಡ್ತೀನಿ," ಎಂದಳು ಗಂಗಾಮಣಿ. "ನಾನೂ," ಎಂದರು ಸಿಸಿಲಿಯಕ್ಕ. ಗಂಗಾಮಣಿ ಜೆರೋಮಣ್ಣನ ಫೋಟೋಕ್ಕೆ ಕೈಮುಗಿದು, ಗೆಳತಿಯ ಕೈ ಹಿಡಿದು, "ಹಬ್ಬ ಒಳ್ಳೇದಾಗ್ಲಿ ಕಣಕ್ಕ," ಎಂದು ಮೆಲ್ಲಗೆ ಹೇಳಿದಳು. ಕಾಫಿ ಕುಡಿದ ಮೇಲೆ ಅಡುಗೆಮನೆಗೆ ನುಗ್ಗಿ ಸಕಲೇಶಪುರದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ಮೂಗು ಮುರಿದಳು. "ಇದು ಹಿಟ್ಟಾ? ರವೆ! ಚಕ್ಕುಲಿ ಒತ್ತಿದ್ರೆ ಚೂರುಚೂರಾಗ್ತವೆ. ಇನ್ನೊಂದು ಸಲ ಮಿಷನ್‌ಗೆ ಹಾಕ್ಕೊಡ್ತೀನಿ." ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಪೇಟೆಯುದ್ದಕ್ಕೂ ತನ್ನ ಅಪ್ಪಣೆಯನ್ನು ತಾನೇ ರದ್ದು ಮಾಡುತ್ತ ನಡೆದಳು.

ಮರುದಿನ ಸಿಸಿಲಿಯಕ್ಕ ಹಿಟ್ಟು ಒಯ್ಯಲು ಬಂದರು. ಬೇಕರಿಯವನು ಗಲ್ಲಾ ಬಿಟ್ಟು ಹೊರಗೆ ಬಂದ, ಆಟೋದವರು ಹಾರ್ನ್ ಹೊಡೆದು ಶುಭಾಶಯ ಕೂಗಿದರು, ಸುರೇಂದ್ರ ಜೀಪು ನಿಲ್ಲಿಸಿ ಒಳಗಿದ್ದ ಪ್ಯಾಸೆಂಜರುಗಳಿಂದಲೂ ಹೇಳಿಸಿದ. ನಾನೂ ಕೌಂಟರ್ ಬಿಟ್ಟು ಹೋಗಿ ಕೈ ಕುಲುಕಿದೆ.

"ಸಾಕು ಮಾರಾಯ್ರೆ, ಕಿವಿ ಹೋಯ್ತು," ಎಂದರು ಸಿಸಿಲಿಯಕ್ಕ, ಕಣ್ಣೊರೆಸಿಕೊಳ್ಳುತ್ತ. ಹಾಗೆಂದರೂ ಅಲ್ಲಿಂದ ಕದಲಲಿಲ್ಲ. ಇನ್ನೂ ಯಾರಾದರೂ ಹೇಳುವವರು ಉಳಿದಿದ್ದಾರಾ ಎಂದು ಸುತ್ತ ನೋಡುತ್ತ ನಿಂತಿದ್ದರು.