ಟಿ.ವಿ.ಗೆ ಹಣೆ ಯಾವುದು?

ಹತ್ತದ ಟಿ.ವಿ.ಯ ಮುಂದೆ ನಿಂತವರೆಲ್ಲ ವೈದ್ಯರೇ. ಜ್ವರ ಬಂದವರ ಮನೆಗೆ ಹೋದವರು ಒಬ್ಬೊಬ್ಬರು ಒಂದೊಂದು ಕಷಾಯ ಹೇಳಿ ಬರುತ್ತಾರಲ್ಲ, ಹಾಗೆ ಒಬ್ಬರು ಬಡಿಯಿರಿ ಅನ್ನುತ್ತಾರೆ, ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನೆ ಬಿಡಿ ಅನ್ನುತ್ತಾರೆ. ನನಗೆ ಮಾತ್ರ ಯಾವ ವೈದ್ಯವೂ ಗೊತ್ತಿಲ್ಲ. ಮಿಕ್ಸಿ ನಿಂತರೆ 'ಶಿವಾ' ಅನ್ನುತ್ತೇನೆ. ಮತ್ತೆ ತಿರುಗಿದರೆ ಅವನ ದಯೆ. ತಿರುಗದಿದ್ದರೆ ಹಿತ್ತಲಲ್ಲಿ ರುಬ್ಬುವ ಕಲ್ಲಿದೆ, ಅದೂ ಅವನ ದಯೆಯೇ.

ಆದರೆ ಹೋದ ದಸರೆಯಲ್ಲಿ ನಮ್ಮ ಟಿ.ವಿ. ಹತ್ತದೆ ಹೋದಾಗ ಹಿತ್ತಲಲ್ಲಿ ಇನ್ನೊಂದು ಟಿ.ವಿ. ಇರಲಿಲ್ಲ.

ಕಂಪ್ಲಿಯ ನಮ್ಮ ಮನೆಯಲ್ಲಿ ಆಯುಧ ಪೂಜೆಯೆಂದರೆ ದುಡಿಯುವ ಎಲ್ಲದಕ್ಕೂ ಪೂಜೆ. ಹಿಂದಿನವರು ಕುಡಗೋಲು, ಕೊಡಲಿ ಇಟ್ಟು ಪೂಜಿಸುತ್ತಿದ್ದರು. ನಾವು ಈಳಿಗೆಯಿಂದ ಹಿಡಿದು ಮಿಕ್ಸಿ, ನೀರಿನ ಮೋಟಾರು, ಸ್ಕೂಟರಿನವರೆಗೆ ವಿಭೂತಿ ಹಚ್ಚಿ ಕುಂಕುಮ ಇಡುತ್ತೇವೆ. ಪೂಜೆಗೊಂಡ ಸಾಮಾನನ್ನು ಅಂದು ಮುಟ್ಟಿ ದುಡಿಸುವಂತಿಲ್ಲ. ಅದಕ್ಕೂ ಒಂದು ದಿನ ವಿಶ್ರಾಂತಿ. ಮನೆಯ ಹೆಂಗಸಿಗೆ ಆ ದಿನ ಯಾವಾಗ ಎಂದು ಪ್ರತಿ ವರ್ಷ ಕೇಳಬೇಕೆಂದುಕೊಳ್ಳುತ್ತೇನೆ, ಹೋಳಿಗೆ ಲಟ್ಟಿಸುವ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಈ ಪೂಜೆಯಲ್ಲಿ ಕಷ್ಟವೆಂದರೆ ಒಂದೊಂದು ಸಾಮಾನಿಗೂ ಹಣೆ ಯಾವುದೆಂದು ಹುಡುಕುವುದು. ಸ್ಕೂಟರಿಗೆ ಹಣೆ ಇದೆ, ಕೇಳಬೇಕಿಲ್ಲ. ಮಿಕ್ಸಿಗೆ ಇರುವುದೆಲ್ಲ ಹೊಟ್ಟೆ, ಹೊಟ್ಟೆಗೇ ಹಚ್ಚುತ್ತೇನೆ. ಹಳೆಯ ಡಬ್ಬಿ ಟಿ.ವಿ.ಗೆ ಅಗಲವಾದ ನೆತ್ತಿ ಇತ್ತು. ಈಗಿನದು ಹಪ್ಪಳದಷ್ಟು ತೆಳ್ಳಗೆ ಗೋಡೆಗೆ ಅಂಟಿಕೊಂಡಿದೆ, ಮುಖವೆಲ್ಲ ಗಾಜು. ಗಾಜಿಗೆ ಹಚ್ಚಬೇಡ ಎಂದು ನಮ್ಮ ಯಜಮಾನರು ಮೊದಲೇ ಹೇಳಿಟ್ಟಿದ್ದರು. ಪ್ಲಗ್ಗು ತೆಗೆದು, ಧೂಳು ಒರೆಸಿ, ಹುಡುಕುತ್ತಾ ಹೋದರೆ ಕೆಳಗಿನ ಅಂಚಿನ ನಟ್ಟನಡುವೆ ಒಂದು ಪುಟ್ಟ ಉಬ್ಬು ಕಂಡಿತು. ಶಿವನೇ ನನಗೆಂದು ಗುರುತು ಮಾಡಿಟ್ಟ ಹಾಗಿತ್ತು. ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಮೂರು ಗೆರೆ ಎಳೆದೆ, ಮೇಲೊಂದು ಕುಂಕುಮದ ಬೊಟ್ಟು. ದೂರ ನಿಂತು ನೋಡಿದೆ. ದಿನವಿಡೀ ಜಗಳದ ಧಾರಾವಾಹಿ ತೋರಿಸುವ ಟಿ.ವಿ. ಆಗಷ್ಟೇ ದೀಕ್ಷೆ ತೆಗೆದುಕೊಂಡಂತೆ ಲಕ್ಷಣವಾಗಿ ಕಂಡಿತು.

ಆ ಟಿ.ವಿ. ನಮ್ಮ ಅತ್ತೆಮ್ಮನವರ ಮಂಚದ ಎದುರಿಗಿದೆ. ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡ ಮೇಲೆ ಪಡಸಾಲೆಯ ಮಂಚವೇ ಅವರ ಊರು, ಟಿ.ವಿ.ಯೇ ಅವರ ಕಿಟಕಿ. ಸುಮ್ಮನೆ ಮಲಗುವ ಜೀವವಲ್ಲ ಅದು. ಮಲಗಿದಲ್ಲಿಂದಲೇ ನನ್ನ ಮಗಳು ಗಿರಿಜಾಗೆ ವಚನ ಹಾಡಲು ಕಲಿಸಿದರು. ಗಿರಿಜಾ ಮನೆಯಲ್ಲಿ ಹಾಡಿದರೆ ಹಾದಿಯಲ್ಲಿ ಹೋಗುವವರು ನಿಂತು ಕೇಳಬೇಕು, ಅಂಥ ಕಂಠ. ಜನರ ಮುಂದೆ ಮಾತ್ರ ಅದೇ ಕಂಠ ಕಟ್ಟುತ್ತದೆ. ಒಮ್ಮೆ ಶಾಲೆಯ ವೇದಿಕೆಯ ಮೇಲೆ ಬಾಯಿ ತೆರೆದವಳು ಹಾಗೇ ಇಳಿದು ಓಡಿ ಬಂದಿದ್ದಳು. ಇನ್ನೆಂದೂ ಹಾಡುವುದಿಲ್ಲ ಎಂದು ಅತ್ತಿದ್ದಳು.

ವಿಜಯದಶಮಿಯ ಸಂಜೆ ಮಠದ ಸಭಾಭವನದಲ್ಲಿ ಮಕ್ಕಳ ವಚನಗಾಯನ, ನಮ್ಮೂರಿನ ಕೇಬಲ್ ಚಾನೆಲ್ಲಿನಲ್ಲಿ ನೇರವಾಗಿ ಬರುತ್ತದೆ ಎಂದು ಗೊತ್ತಾದಾಗ ಅತ್ತೆಮ್ಮ ಮೊಮ್ಮಗಳನ್ನು ಮಂಚದ ಮೇಲೆ ಕೂರಿಸಿಕೊಂಡು ಒಂದು ಉಪಾಯ ಹೇಳಿದರು.

"ಜನರ ಮಾರಿ ಯಾಕ ನೋಡ್ತೀಯವಾ? ಎದುರಿಗೆ ಕ್ಯಾಮೆರಾ ಇರ್ತೈತಲ್ಲ, ಅದರಾಗ ನಾ ಕುಂತಿರ್ತೀನಿ. ನನ್ನ ನೋಡ್ಕೋಂತ ಹಾಡು."

"ಖರೇನ ನೋಡ್ತಿರ್ತೀಯೇನಜ್ಜಿ?"

"ನೋಡದ ಎಲ್ಲಿಗೆ ಹೋಗ್ಲಿ? ಓಡಿ ಹೋಗಾಕ ನನಗ ಕಾಲಾರ ಅದಾವೇನು?"

ಆ ಮಾತಿನ ಮೇಲೆ ಹುಡುಗಿ ಒಪ್ಪಿದ್ದಳು. ಸಂಜೆ ಅಪ್ಪನ ಜೊತೆ ಹೊರಟಾಗ ಹೊಸ್ತಿಲಲ್ಲಿ ನಿಂತು, "ಅಜ್ಜಿ, ಟಿ.ವಿ. ಮುಂದನ ಇರು ಮತ್ತ!" ಎಂದು ಕೂಗಿ ಹೋದಳು. ನಾನು ಪೂಜೆಗೆಂದು ಹಿಂದಿನ ದಿನ ತೆಗೆದಿದ್ದ ಪ್ಲಗ್ಗು ಹಾಕಿ ರಿಮೋಟು ಒತ್ತಿದೆ. ಏನೂ ಇಲ್ಲ. ಕಪ್ಪು ಗಾಜಿನಲ್ಲಿ ನನ್ನ ಮುಖವೇ ಕಂಡಿತು, ಅದೂ ಅಷ್ಟು ಚೆನ್ನಾಗಿರಲಿಲ್ಲ.

ಅದು ಬನ್ನಿ ಕೊಡುವ ಹೊತ್ತು. ನಮ್ಮ ಕಡೆ ದಶಮಿಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೋಣ" ಎಂದು ಹಿರಿಯರ ಕಾಲು ಮುಟ್ಟುತ್ತಾರೆ. ಹತ್ತಿರದ ಹಳ್ಳಿ ಮೆಟ್ರಿಯಲ್ಲಿ ಹೊಲ ನೋಡಿಕೊಂಡಿರುವ ಮೈದುನ ವೀರೇಶ ಬಂದ, ಪಕ್ಕದ ಮನೆಯ ಶಾಂತಕ್ಕ ಬಂದರು. ಇಬ್ಬರೂ ಅತ್ತೆಮ್ಮನ ಕಾಲು ಮುಟ್ಟಿ, ಆಮೇಲೆ ಟಿ.ವಿ.ಯ ಕಡೆ ತಿರುಗಿದರು.

ವೀರೇಶ ಬಡಿಯಲು ಕೈ ಎತ್ತಿದವನು ಹಾಗೇ ನಿಂತ. "ಅತ್ತಿಗೆ, ಇದಕ್ಕ ಬಡಿಯಾಕ ಜಾಗಾನ ಇಲ್ಲಲ್ಲ!" ಫೋನಿನ ಚಾರ್ಜರು ಹಾಕಿ ನೋಡಿದ, ಕರೆಂಟು ಇತ್ತು. ಕೇಬಲ್ ಡಬ್ಬಿಯ ದೀಪವೂ ಹತ್ತಿತ್ತು. ಟಿ.ವಿ.ಯಲ್ಲೇ ಒಂದು ಬಟನ್ ಇರಬೇಕೆಂದು ಗೋಡೆಯ ಸಂದಿಯಲ್ಲಿ ಬೆರಳು ತೂರಿಸಿ "ಅಯ್ಯಯ್ಯೋ" ಎಂದು ಹಾರಿದ. ಬೆರಳಿಗೆ ಸಿಕ್ಕಿದ್ದು ಹಲ್ಲಿ. "ಬಲಗೈಯೋ ಎಡಗೈಯೋ? ಗಂಡಸರಿಗೆ ಬಲಗೈ ಆದ್ರ ಚಲೋ," ಎಂದು ಶಾಂತಕ್ಕ ಹಲ್ಲಿಯ ಶಾಸ್ತ್ರ ತೆಗೆದರು. ಶಾಸ್ತ್ರ ಹೇಳುತ್ತಲೇ ರಿಮೋಟಿನ ಸೆಲ್ಲುಗಳನ್ನು ಸೀರೆಗೆ ಉಜ್ಜಿದರು, ಹಲ್ಲಲ್ಲಿ ಕಚ್ಚಿದರು. ಆಗಲಿಲ್ಲವೆಂದು ಗೋಡೆ ಗಡಿಯಾರದ ಸೆಲ್ಲು ತೆಗೆದು ನೋಡಿದರು. ಅದು ದಪ್ಪ, ಕೂರಲಿಲ್ಲ, ಹಳೆಯವನ್ನೇ ಮತ್ತೆ ಹಾಕಿದರು. ಈಗ ನಮಗೆ ಟಿ.ವಿ.ಯೂ ಇಲ್ಲ, ವೇಳೆಯೂ ಇಲ್ಲ.

"ಕೆಂಪು ದೀಪಾನ ಕಾಣವಲ್ದು. ಒಳಗ ಸುಟ್ಟೈತಿ. ಇನ್ನ ಹೊಸಪೇಟಿಗೆ ಒಯ್ಬೇಕು," ಎಂದು ವೀರೇಶ ತೀರ್ಪು ಕೊಟ್ಟ. ಫೋನಿನಲ್ಲಿ ಆ ಚಾನೆಲ್ಲು ಬರುವುದಿಲ್ಲ. ಬಂದರೂ ಅತ್ತೆಮ್ಮನ ಕಣ್ಣಿಗೆ ಅಷ್ಟು ಚಿಕ್ಕದು ಕಾಣುವುದಿಲ್ಲ. ನಾನು ದೇವರ ಕೋಣೆಗೆ ಹೋದೆ. ಟಿ.ವಿ.ಗಾಗಿ ಶಿವನನ್ನು ಕರೆಯಲು ನಾಚಿಕೆಯಾಯಿತು. ಹುಡುಗಿಯ ಕಂಠಕ್ಕಾಗಿ ಕರೆದೆ.

ಅಷ್ಟರಲ್ಲಿ ಯಜಮಾನರ ಫೋನು. "ಇನ್ನೊಬ್ಬರು ಆದ ಮ್ಯಾಲ ಇಕೀದ. ಅಜ್ಜಿ ಕುಂತಾಳೇನು ಅಂತ ಕೇಳಾಕತ್ತಾಳ. ಏನ್ ಹೇಳ್ಲಿ?"

ಹಬ್ಬದ ದಿನ ಸುಳ್ಳು ಹೇಗೆ ಹೇಳುವುದು? ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಮ್ಮನೇ ಕೂಗಿದರು. "ಕುಂತೀನಂತ ಹೇಳು! ಸುಳ್ಳಲ್ಲ, ಕುಂತೀನಿ." ನಿಜ, ಬೆನ್ನಿಗೆ ದಿಂಬು ಒಡ್ಡಿಸಿಕೊಂಡು, ಹೊಸ ಸೀರೆಯ ಸೆರಗು ಹೊದ್ದು, ಕಪ್ಪು ಟಿ.ವಿ.ಯ ಎದುರು ನೆಟ್ಟಗೆ ಕೂತಿದ್ದರು.

ಹಾಗೆ ನೋಡುತ್ತಾ ಕೂತವರು ಕೇಳಿದರು. "ಲೇ ವೀರೇಶ, ರಿಮೋಟು ಒತ್ತಿದ್ದು ಟಿ.ವಿ.ಗೆ ಹೆಂಗ ತಿಳಿತೈತಿ?"

"ಅದಕ್ಕೊಂದು ಕಣ್ಣು ಇರ್ತೈತಿ ಯವ್ವಾ."

"ಎಲ್ಲಿ?"

ವೀರೇಶ ಮತ್ತೆ ಗೋಡೆಯ ಸಂದಿಯಲ್ಲಿ ಇಣುಕಿದ. ಅತ್ತೆಮ್ಮ ನನ್ನ ಕಡೆ ತಿರುಗಿದರು. "ದಿನಾ ಮಲಗಿದಲ್ಲಿಂದ ನೋಡ್ತೀನಿ, ಟಿ.ವಿ. ಆರಿಸಿದ ಮ್ಯಾಲ ಕೆಳಗ ನಟ್ಟ ನಡುವ ಒಂದ್ ಕೆಂಪು ಚುಕ್ಕಿ ಉರಿತಿರ್ತೈತಿ. ಈಗ ಅಲ್ಲಿ ನಿನ್ನ ವಿಭೂತಿ ಐತಿ. ಯವ್ವಾ, ಹಣಿಗೆ ಹಚ್ಚೋದು ಬಿಟ್ಟು ಕಣ್ಣಿಗೆ ಮೆತ್ತೀದಿ ನೋಡು."

ಮೂವರೂ ಬಗ್ಗಿ ನೋಡಿದೆವು. ಟಿ.ವಿ.ಯ ಮೈಯೆಲ್ಲ ತಡಕಾಡಿದವರು ಆ ಒಂದು ಜಾಗ ಬಿಟ್ಟಿದ್ದೆವು. ಹಬ್ಬದ ವಿಭೂತಿಯನ್ನು ಒರೆಸುವ ಕೈ ನಮ್ಮ ಕಡೆ ಯಾರಿಗಿದೆ? ಅದು ತಾನಾಗಿ ಉದುರಬೇಕು. ವಿಭೂತಿ ಕವಚವಿದ್ದಂತೆ, ಹಚ್ಚಿಕೊಂಡವರನ್ನು ಯಾವ ಕೆಟ್ಟ ದೃಷ್ಟಿಯೂ ತಾಕದು ಎಂದು ನಾನು ಕೇಳುತ್ತಾ ಬೆಳೆದವಳು. ಕವಚ ಅಷ್ಟು ಗಟ್ಟಿಯೆಂದು ಮಾತ್ರ ಗೊತ್ತಿರಲಿಲ್ಲ. ರಿಮೋಟಿನ ದೃಷ್ಟಿಯೂ ದಾಟಿರಲಿಲ್ಲ!

ಒದ್ದೆ ಬಟ್ಟೆ ಹಿಡಿದು ನಾನು ಹಿಂದೆಮುಂದೆ ನೋಡುತ್ತಿದ್ದರೆ ಅತ್ತೆಮ್ಮ ಗದರಿದರು. "ಒರಸ ಜಲ್ದಿ. ಶಿವಗ ಮೂರು ಕಣ್ಣದಾವು, ಕಣ್ಣಿನ ಬೆಲಿ ಅವಂಗ ಗೊತ್ತೈತಿ."

ಬೆರಳಿಂದ ಬಳಿದು ತೆಗೆದೆ. ಚೆಲ್ಲಲು ಮನಸ್ಸಾಗದೆ ಅತ್ತೆಮ್ಮನ ಹಣೆಗೆ ಹಚ್ಚಿದೆ, ಉಳಿದದ್ದು ನನ್ನ ಹಣೆಗೆ. ಬಟ್ಟೆಯಿಂದ ಒರೆಸಿದ ಕೂಡಲೇ ಕೆಂಪು ಚುಕ್ಕಿ ಮಿನುಗಿತು. ವೀರೇಶ ರಿಮೋಟು ಒತ್ತಿದ.

ಗಿರಿಜಾ ಮೈಕಿನ ಮುಂದೆ ನಿಂತಿದ್ದಳು. ಕಣ್ಣು ಅತ್ತಿತ್ತ ಓಡುತ್ತಿತ್ತು, ಬಾಯಿ ತೆರೆದಿರಲಿಲ್ಲ. ತಂಬೂರಿಯ ಶ್ರುತಿಯೊಂದೇ ಕೇಳುತ್ತಿತ್ತು. "ಇಲ್ಲೇ ಅದೀನವಾ," ಎಂದು ಅತ್ತೆಮ್ಮ ಕೈ ಎತ್ತಿದರು. ಆಗ ಹುಡುಗಿ ಮುಖವೆತ್ತಿ ನೇರವಾಗಿ ನಮ್ಮನ್ನೇ ನೋಡಿದಳು. ಹಾಡಿದಳು. ನಡುವೆ ಒಂದು ಕಡೆ ತಡೆದಾಗ ಅತ್ತೆಮ್ಮ ಮಂಚದಿಂದಲೇ ಮುಂದಿನ ಸಾಲು ಹೇಳಿಕೊಟ್ಟರು, ಅವಳು ಅಲ್ಲಿಂದಲೇ ಎತ್ತಿಕೊಂಡಳು. ತಾವು ಹೇಳಿದ್ದು ಅವಳಿಗೆ ಕೇಳಿಸಿತೆಂದು ಅತ್ತೆಮ್ಮ ಇಂದಿಗೂ ನಂಬಿದ್ದಾರೆ. ನಾನು ವಾದಕ್ಕೆ ಹೋಗಿಲ್ಲ. ನನಗೂ ಹಾಗೇ ಕಂಡಿತ್ತು.

ಆಮೇಲೆ ಆಗಾಗ ಯೋಚಿಸುತ್ತೇನೆ. ಎಷ್ಟು ಕರೆದರೂ ದೇವರು ನೋಡಲೊಲ್ಲ ಎಂದು ಗೊಣಗುವ ದಿನಗಳಿವೆಯಲ್ಲ, ಆಗ ಅವನ ಮುಖಕ್ಕೆ ನಾನೇ ಪ್ರೀತಿಯಿಂದ ಏನೇನು ಮೆತ್ತಿಟ್ಟಿರುತ್ತೇನೋ! ಭಕ್ತಿ ಇದ್ದರೆ ಸಾಲದು, ಎಲ್ಲಿ ಹಚ್ಚುತ್ತಿದ್ದೇನೆಂದು ನೋಡುವ ಕಣ್ಣೂ ಬೇಕು.

ಈ ಮಾತನ್ನು ನನಗೆ ಮರೆಯಲು ಬಿಡುವವರೂ ಇಲ್ಲ. ಈಗಲೂ ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಿಡಿದು ಮಂಚದ ಹತ್ತಿರ ಹೋದರೆ ಅತ್ತೆಮ್ಮ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾರೆ. ಬೆರಳಿನಿಂದ ತಮ್ಮ ಹಣೆ ಮುಟ್ಟಿ ತೋರಿಸುತ್ತಾರೆ.

"ಇಲ್ಲೈತಿ ನೋಡವಾ, ಹಣಿ."